ಥೈರಾಯ್ಡ್ ಅತಿಯಾಗಿ ದುಡಿಯುವಾಗ: ಚಿಕಿತ್ಸೆಯನ್ನು ಆಯ್ದುಕೊಳ್ಳುವ ಕ್ರಮ

ಏಪ್ರಿಲ್, ಮೇ ತಿಂಗಳುಗಳಲ್ಲಿ ಮಂಗಳೂರು, ಉಡುಪಿಗಳ ಸೆಕೆಗೆ ಬೆವರದವರಿಲ್ಲ. ಆದ್ದರಿಂದಲೇ ಥೈರಾಯ್ಡ್ ಗ್ರಂಥಿಯು ಅಗತ್ಯಕ್ಕಿಂತ ಹೆಚ್ಚು ಹಾರ್ಮೋನನ್ನು ಸ್ರವಿಸುವ ಕಾಯಿಲೆ ನಮ್ಮ ಕರಾವಳಿಯಲ್ಲಿ ಹಲವು ತಿಂಗಳು ಗಮನಕ್ಕೆ ಬಾರದೆ ಉಳಿಯುವುದುಂಟು. ಮನೆಯವರೆಲ್ಲ ಹೊದ್ದು ಮಲಗುವ ಆಟಿ ತಿಂಗಳ ಮಳೆಯಲ್ಲಿಯೂ ಒಬ್ಬರಿಗೆ ಮಾತ್ರ ಫ್ಯಾನು ಬೇಕೆನಿಸಿದರೆ, ಹೊಟ್ಟೆ ತುಂಬ ಉಂಡರೂ ತೂಕ ಇಳಿಯುತ್ತಿದ್ದರೆ, ಸುಮ್ಮನೆ ಕುಳಿತಾಗಲೂ ಎದೆ ಹೊಡೆದುಕೊಳ್ಳುತ್ತಿದ್ದರೆ, ಚಾಚಿದ ಬೆರಳುಗಳು ಸಣ್ಣಗೆ ನಡುಗುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ಪದೇ ಪದೇ ಮಲವಿಸರ್ಜನೆ, ನಿದ್ರೆ ಬಾರದಿರುವುದು, ಮುಟ್ಟಿನ ಸ್ರಾವ ಕಡಿಮೆಯಾಗುವುದು, ಕೂದಲು ಉದುರುವುದು ಇವೂ ಜೊತೆಗಿರಬಹುದು. ವಯಸ್ಸಾದವರಲ್ಲಿ ಈ ಪಟ್ಟಿಯ ಬಹುಪಾಲು ಕಾಣಿಸಿಕೊಳ್ಳದೆ, ತೂಕ ಇಳಿಕೆ ಮತ್ತು ತಾಳ ತಪ್ಪಿದ ಎದೆಬಡಿತ ಎರಡೇ ಇರುವುದೂ ಇದೆ.

ಈ ಕಾಯಿಲೆಗೆ ಮೂರು ಮುಖ್ಯ ಚಿಕಿತ್ಸೆಗಳಿವೆ: ಮಾತ್ರೆ, ವಿಕಿರಣಶೀಲ ಅಯೋಡಿನ್ ಮತ್ತು ಶಸ್ತ್ರಚಿಕಿತ್ಸೆ. ಮೂರೂ ಹಳೆಯವು, ಮೂರೂ ಪರೀಕ್ಷೆಗೆ ಒಳಪಟ್ಟವು. ಯಾವುದು ಒಳ್ಳೆಯದು ಎಂದು ನೆಂಟರಿಷ್ಟರಲ್ಲಿ ವಿಚಾರಿಸುವ ಮೊದಲು ತಮ್ಮ ಕಾಯಿಲೆಗೆ ಕಾರಣ ಯಾವುದೆಂದು ತಿಳಿದುಕೊಳ್ಳುವುದು ಅಗತ್ಯ. ಒಬ್ಬರಿಗೆ ಗುಣ ನೀಡಿದ ಚಿಕಿತ್ಸೆ, ಕಾರಣ ಬೇರೆಯಾಗಿರುವ ಇನ್ನೊಬ್ಬರಿಗೆ ನಿರುಪಯುಕ್ತವಾಗಬಹುದು.

ಮೊದಲ ಹೆಜ್ಜೆ: ವರದಿಯನ್ನು ಸರಿಯಾಗಿ ಓದಿಸಿಕೊಳ್ಳುವುದು

ಟಿಎಸ್‌ಎಚ್ ಎಂಬುದು ಥೈರಾಯ್ಡಿನ ಹಾರ್ಮೋನಲ್ಲ; ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡಿಗೆ ಕಳುಹಿಸುವ ಆಜ್ಞೆ ಅದು. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಪಿಟ್ಯುಟರಿ ತನ್ನ ಆಜ್ಞೆಯನ್ನು ನಿಲ್ಲಿಸುತ್ತದೆ, ಆಗ ಟಿಎಸ್‌ಎಚ್ ಇಳಿಯುತ್ತದೆ. ಹಾಗಾಗಿ ವರದಿಯಲ್ಲಿ ಟಿಎಸ್‌ಎಚ್ ಏರಿರುವವರಿಗೆ ಸಾಮಾನ್ಯವಾಗಿ ಇರುವುದು ಹಾರ್ಮೋನಿನ ಕೊರತೆ. ಈ ಲೇಖನದ ವಿಷಯವಾದ ಕಾಯಿಲೆಯಲ್ಲಿ ಟಿಎಸ್‌ಎಚ್ ಬಹುತೇಕ ಸೊನ್ನೆಯ ಬಳಿ ಇರುತ್ತದೆ, ಥೈರಾಯ್ಡಿನ ಹಾರ್ಮೋನುಗಳಾದ ಫ್ರೀ ಟಿ4 ಮತ್ತು ಟಿ3 ಮೇಲೇರಿರುತ್ತವೆ. ‘ನನಗೂ ಥೈರಾಯ್ಡ್ ಜಾಸ್ತಿ, ಈ ಮಾತ್ರೆ ತೆಗೆದುಕೊಳ್ಳಿ’ ಎಂದು ನೆರೆಮನೆಯವರು ಕೊಡುವ ಸಲಹೆ ಎಷ್ಟೋ ಸಲ ತದ್ವಿರುದ್ಧ ಕಾಯಿಲೆಯ ಸಲಹೆಯಾಗಿರುತ್ತದೆ. ಟಿಎಸ್‌ಎಚ್ ಮಾತ್ರ ಇಳಿದಿದ್ದು ಟಿ3, ಟಿ4 ಸರಿಯಾಗಿದ್ದರೆ ಕೆಲವು ವಾರಗಳ ನಂತರ ಪರೀಕ್ಷೆಯನ್ನು ಮರಳಿ ಮಾಡಿಸುವುದು ವಾಡಿಕೆ. ಅರುವತ್ತೈದು ದಾಟಿದವರು, ಹೃದಯದ ತೊಂದರೆ ಅಥವಾ ಮೂಳೆಸವೆತ ಇರುವವರು ಅದನ್ನೂ ಹಗುರವಾಗಿ ಪರಿಗಣಿಸಬಾರದು.

ಇಲ್ಲಿ ಒಂದು ಎಚ್ಚರಿಕೆ. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆಗಳನ್ನು ತೆಗೆದುಕೊಳ್ಳುವವರು ಬಹಳ ಮಂದಿ ಇದ್ದಾರೆ. ಬಯೋಟಿನ್ ಕೆಲವು ಪ್ರಯೋಗಾಲಯ ವಿಧಾನಗಳ ಲೆಕ್ಕವನ್ನೇ ತಪ್ಪಿಸಿ, ಆರೋಗ್ಯವಂತರ ವರದಿಯಲ್ಲಿಯೂ ಟಿಎಸ್‌ಎಚ್ ಇಳಿದಂತೆ, ಟಿ4 ಏರಿದಂತೆ ತೋರಿಸಬಲ್ಲದು. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ತೆಗೆದುಕೊಳ್ಳುತ್ತಿದ್ದ ವಿಷಯವನ್ನು ವೈದ್ಯರಿಗೆ ಹೇಳಬೇಕು.

ಎರಡನೆಯ ಹೆಜ್ಜೆ: ಕಾರಣವನ್ನು ಪತ್ತೆ ಮಾಡುವುದು

ಅತಿ ಸಾಮಾನ್ಯ ಕಾರಣ ಗ್ರೇವ್ಸ್ ಕಾಯಿಲೆ. ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯು ತಯಾರಿಸುವ ಒಂದು ಪ್ರತಿಕಾಯ ಟಿಎಸ್‌ಎಚ್‌ನ ಜಾಗದಲ್ಲಿ ಕುಳಿತು, ಥೈರಾಯ್ಡಿಗೆ ಬಿಡುವಿಲ್ಲದೆ ಕೆಲಸ ಮಾಡಿಸುತ್ತದೆ. ‘ಟ್ರ್ಯಾಬ್’ ಎಂಬ ರಕ್ತ ಪರೀಕ್ಷೆ ಈ ಪ್ರತಿಕಾಯವನ್ನು ಗುರುತಿಸುತ್ತದೆ. ಗಂಟಲ ಮುಂಭಾಗ ಸಮನಾಗಿ ಊದಿಕೊಂಡು, ಕಣ್ಣುಗಳು ಮುಂದಕ್ಕೆ ಬಂದಂತೆ ಕಾಣುತ್ತಿದ್ದರೆ ಪರೀಕ್ಷೆಗೆ ಮೊದಲೇ ವೈದ್ಯರು ಇದನ್ನು ಊಹಿಸುತ್ತಾರೆ. ಎರಡನೆಯ ಕಾರಣ, ಗ್ರಂಥಿಯೊಳಗೆ ಬೆಳೆದ ಒಂದು ಅಥವಾ ಹಲವು ಗಂಟುಗಳು ಯಾರ ಆಜ್ಞೆಗೂ ಕಾಯದೆ ತಾವಾಗಿಯೇ ಹಾರ್ಮೋನನ್ನು ತಯಾರಿಸುವುದು. ಇದು ನಡುವಯಸ್ಸು ಮೀರಿದವರಲ್ಲಿ ಹೆಚ್ಚು.

ಮೂರನೆಯದು ಥೈರಾಯ್ಡಿನ ಉರಿಯೂತ. ವೈರಲ್ ಜ್ವರದ ಬೆನ್ನಿಗೆ ಗಂಟಲ ಮುಂಭಾಗ ಮುಟ್ಟಿದರೆ ನೋಯುವಂತಾಗುವುದು, ಅಥವಾ ಹೆರಿಗೆಯಾದ ಒಂದು ವರ್ಷದೊಳಗೆ ನೋವಿಲ್ಲದೆಯೇ ಎದೆಬಡಿತ, ನಡುಕ ಕಾಣಿಸಿಕೊಳ್ಳುವುದು ಈ ಗುಂಪಿಗೆ ಸೇರುತ್ತದೆ. ಇಲ್ಲಿ ಗ್ರಂಥಿ ಹೆಚ್ಚು ದುಡಿಯುತ್ತಿಲ್ಲ; ಘಾಸಿಗೊಂಡು, ಕೂಡಿಟ್ಟಿದ್ದ ಹಾರ್ಮೋನನ್ನು ಸೋರಿಸುತ್ತಿದೆ. ಆದ್ದರಿಂದ ಹಾರ್ಮೋನು ತಯಾರಿಕೆಯನ್ನು ತಡೆಯುವ ಮಾತ್ರೆಯಿಂದ ಇವರಿಗೆ ಪ್ರಯೋಜನವಿಲ್ಲ, ಅಡ್ಡಪರಿಣಾಮ ಮಾತ್ರ ಉಳಿಯುತ್ತದೆ. ನೋವುನಿವಾರಕ, ಅಗತ್ಯವಿದ್ದರೆ ಸ್ಟೀರಾಯ್ಡ್, ಎದೆಬಡಿತಕ್ಕೆ ಒಂದು ಮಾತ್ರೆ ಮತ್ತು ಕೆಲವು ವಾರಗಳ ತಾಳ್ಮೆ ಸಾಕಾಗುತ್ತದೆ. ಕಾರಣ ತಿಳಿಯದೆ ಚಿಕಿತ್ಸೆ ಆರಂಭಿಸಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಹೃದಯದ ಲಯಕ್ಕೆ ಕೊಡುವ ಅಮಿಯೋಡರೋನ್ ಎಂಬ ಅಯೋಡಿನ್‌ಭರಿತ ಔಷಧ, ಹಾರ್ಮೋನಿನ ಕೊರತೆಗೆಂದು ತೆಗೆದುಕೊಳ್ಳುವ ಥೈರಾಕ್ಸಿನ್ ಮಾತ್ರೆ ಅತಿಯಾಗುವುದು, ಗರ್ಭಧಾರಣೆಯ ಮೊದಲ ತಿಂಗಳುಗಳ ವಿಪರೀತ ವಾಂತಿಯೊಡನೆ ಬರುವ ತಾತ್ಕಾಲಿಕ ಏರಿಕೆ ಇವು ಉಳಿದ ಕಾರಣಗಳು.

ಟ್ರ್ಯಾಬ್ ಪರೀಕ್ಷೆಯಿಂದ ಸ್ಪಷ್ಟವಾಗದಿದ್ದರೆ, ಅಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ಚುಚ್ಚಿ ಗ್ರಂಥಿಯ ಚಿತ್ರ ತೆಗೆಯುವ ಟೆಕ್ನೀಶಿಯಂ ಸ್ಕ್ಯಾನ್ ಮಾಡಿಸಬೇಕಾಗುತ್ತದೆ. ಗ್ರೇವ್ಸ್‌ನಲ್ಲಿ ಇಡೀ ಗ್ರಂಥಿ ಬೆಳಗಿದಂತೆಯೂ, ಗಂಟಿನ ಕಾಯಿಲೆಯಲ್ಲಿ ಗಂಟು ಮಾತ್ರವೂ, ಉರಿಯೂತದಲ್ಲಿ ಗ್ರಂಥಿ ಬಹುತೇಕ ಕಾಣದಂತೆಯೂ ಚಿತ್ರ ಬರುತ್ತದೆ. ಇದಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಬೇಕು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಅಂಥ ವಿಭಾಗವಿದೆ. ಮೊದಲ ಭೇಟಿಗೆ ಅಷ್ಟು ದೂರ ಹೋಗಬೇಕೆಂದಿಲ್ಲ. ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ ತೋರಿಸಿ, ಅಲ್ಲಿಂದ ಹಾರ್ಮೋನು ತಜ್ಞರ ಬಳಿಗೆ ಹೋಗಬಹುದು. ಮುಂದೆ ಶಸ್ತ್ರಚಿಕಿತ್ಸೆಯಂಥ ವೆಚ್ಚವೇನಾದರೂ ಬಂದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಸಾಮಾನ್ಯವಾಗಿ ಕೇಳುವುದರಿಂದ, ಬಿಪಿಎಲ್ ಚೀಟಿ ಇರುವವರಿಗೆ ಈ ದಾರಿ ಅನುಕೂಲವೂ ಹೌದು.

ತಕ್ಷಣದ ಉಪಶಮನ

ಯಾವ ಚಿಕಿತ್ಸೆಯನ್ನು ಆಯ್ದುಕೊಂಡರೂ ಅದರ ಪರಿಣಾಮ ಕಾಣಲು ವಾರಗಳು ಬೇಕು. ಅಲ್ಲಿಯವರೆಗೆ ಎದೆಬಡಿತ, ನಡುಕ, ಗಾಬರಿಗಳನ್ನು ತಗ್ಗಿಸಲು ಪ್ರೊಪ್ರನಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ಕೊಡುತ್ತಾರೆ. ಇದು ಲಕ್ಷಣಗಳನ್ನು ಹಿಡಿತಕ್ಕೆ ತರುತ್ತದೆ, ಕಾಯಿಲೆಯನ್ನಲ್ಲ. ಆಸ್ತಮಾ ಇರುವವರು ಅದನ್ನು ಮೊದಲೇ ಹೇಳಬೇಕು, ಏಕೆಂದರೆ ಪ್ರೊಪ್ರನಲಾಲ್ ಅವರಿಗೆ ಉಸಿರಾಟದ ತೊಂದರೆ ತರಬಲ್ಲದು.

ಮೂರನೆಯ ಹೆಜ್ಜೆ: ಮಾತ್ರೆಯ ದಾರಿ

ಗ್ರೇವ್ಸ್ ಕಾಯಿಲೆಯ ಬಹುಪಾಲು ಜನರಿಗೆ ನಮ್ಮಲ್ಲಿ ಮೊದಲು ಕೊಡುವುದು ಕಾರ್ಬಿಮಜೋಲ್. ನಿಯೋ-ಮರ್ಕಜೋಲ್ ಎಂಬ ಹೆಸರಿನಲ್ಲಿ ಮೆಡಿಕಲ್ ಅಂಗಡಿಗಳಲ್ಲಿ ಪರಿಚಿತವಾದದ್ದು. ಗ್ರಂಥಿಯು ಅಯೋಡಿನ್ ಬಳಸಿ ಹಾರ್ಮೋನು ಕಟ್ಟುವುದನ್ನು ಇದು ತಡೆಯುತ್ತದೆ. ಈಗಾಗಲೇ ತಯಾರಾಗಿ ಸಂಗ್ರಹವಾಗಿರುವ ಹಾರ್ಮೋನು ಖರ್ಚಾಗಬೇಕಾದುದರಿಂದ, ಸುಧಾರಣೆ ಕಾಣಲು ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ಕಾಯಿಲೆಯ ತೀವ್ರತೆ ನೋಡಿ ದಿನಕ್ಕೆ 10ರಿಂದ 40 ಮಿಲಿಗ್ರಾಂವರೆಗೆ ಆರಂಭಿಸಿ, ಟಿ4 ಮತ್ತು ಟಿ3 ಇಳಿದಂತೆಲ್ಲ ಪ್ರಮಾಣವನ್ನು ತಗ್ಗಿಸುತ್ತಾರೆ. ಟಿಎಸ್‌ಎಚ್ ಮಾತ್ರ ಹಲವು ತಿಂಗಳು ಕೆಳಗೇ ಉಳಿಯಬಹುದು. ಅದನ್ನು ಕಂಡು ಮಾತ್ರೆ ಕೆಲಸ ಮಾಡುತ್ತಿಲ್ಲವೆಂದು ಹೆದರಬೇಕಾಗಿಲ್ಲ.

ಒಟ್ಟು ಅವಧಿ ಸಾಮಾನ್ಯವಾಗಿ 12ರಿಂದ 18 ತಿಂಗಳು. ಮೂರನೆಯ ತಿಂಗಳಿಗೆ ತೂಕ ಮರಳಿ, ನಿದ್ರೆ ಬಂದು, ಎದೆಬಡಿತ ನಿಂತ ಮೇಲೆ ಮಾತ್ರೆ ಬಿಟ್ಟುಬಿಡುವವರು ಹೆಚ್ಚು, ಮತ್ತು ಕಾಯಿಲೆ ಮರುಕಳಿಸುವುದೂ ಅಂಥವರಲ್ಲೇ ಬೇಗ. ಪೂರ್ತಿ ಅವಧಿ ತೆಗೆದುಕೊಂಡವರಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ನಿಲ್ಲಿಸಿದ ಮೇಲೆ ಮರುಕಳಿಸುತ್ತದೆ. ಗಳಗಂಡ ದೊಡ್ಡದಿರುವವರು, ಟ್ರ್ಯಾಬ್ ಏರಿಯೇ ಇರುವವರು, ಬೀಡಿ, ಸಿಗರೇಟು ಸೇದುವವರು ಈ ಅರ್ಧಕ್ಕೆ ಸೇರುವ ಸಂಭವ ಹೆಚ್ಚು. ನಿಲ್ಲಿಸುವ ಮೊದಲು ಟ್ರ್ಯಾಬ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುವಂತೆ ಕೇಳುವುದು ನ್ಯಾಯವಾದ ಕೋರಿಕೆ. ಗಂಟುಗಳಿಂದ ಬಂದ ಕಾಯಿಲೆ ಮಾತ್ರೆಯಿಂದ ಹತೋಟಿಗೆ ಬರುತ್ತದೆಯೇ ಹೊರತು ಗುಣವಾಗುವುದಿಲ್ಲ. ನಿಲ್ಲಿಸಿದರೆ ಮರಳುವುದು ಬಹುತೇಕ ನಿಶ್ಚಿತ.

ಅಡ್ಡಪರಿಣಾಮಗಳಲ್ಲಿ ತುರಿಕೆ, ದದ್ದು, ಕೀಲುನೋವು ಸಾಮಾನ್ಯ. ಅಪರೂಪದ್ದು ಆದರೆ ಪ್ರಾಣಾಂತಿಕವಾದದ್ದು ಇನ್ನೊಂದಿದೆ. ಸಾವಿರದಲ್ಲಿ ಎರಡರಿಂದ ಐದು ಮಂದಿಯಲ್ಲಿ, ಬಹುತೇಕ ಮೊದಲ ಮೂರು ತಿಂಗಳುಗಳಲ್ಲಿ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಹಠಾತ್ತನೆ ಕುಸಿಯುತ್ತವೆ. ಗಂಟಲುನೋವು, ಜ್ವರ, ಬಾಯಿಹುಣ್ಣು ಅದರ ಮೊದಲ ಸೂಚನೆ. ನಮ್ಮ ಜಿಲ್ಲೆಗಳಲ್ಲಿ ಇದು ವಿಶೇಷ ತೊಡಕಿನ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೆಂಗಿ, ಮಲೇರಿಯಾ, ಇಲಿಜ್ವರ, ವೈರಲ್ ಜ್ವರಗಳ ಕಾಲ. ಜ್ವರ ಬಂದೊಡನೆ ಪ್ಯಾರಾಸಿಟಮಾಲ್ ನುಂಗಿ ಎರಡು ಮೂರು ದಿನ ಕಾಯುವುದು ನಮ್ಮ ರೂಢಿ. ಕಾರ್ಬಿಮಜೋಲ್ ತೆಗೆದುಕೊಳ್ಳುವವರಿಗೆ ಆ ಕಾಯುವಿಕೆ ಸಲ್ಲದು. ಜ್ವರವೋ ಗಂಟಲುನೋವೋ ಬಂದರೆ ಮುಂದಿನ ಮಾತ್ರೆಯನ್ನು ತೆಗೆದುಕೊಳ್ಳದೆ, ಅದೇ ದಿನ ಬಿಳಿ ಕಣಗಳ ವಿಂಗಡಣೆಯೂ ಸೇರಿದ ಸಿಬಿಸಿ (ರಕ್ತಕಣಗಳ ಎಣಿಕೆ) ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ವೈದ್ಯರಿಗೆ ತೋರಿಸಿದ ಮೇಲೆಯೇ ಮುಂದುವರಿಯಬೇಕು. ಡೆಂಗಿಯೂ ಬಿಳಿ ಕಣಗಳನ್ನು ಇಳಿಸುವುದರಿಂದ, ತಾನು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆಂಬುದನ್ನು ಜ್ವರ ನೋಡುವ ವೈದ್ಯರಿಗೆ ಮೊದಲ ಮಾತಾಗಿ ಹೇಳಬೇಕು. ಮಾತ್ರೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಒಮ್ಮೆ ಈ ತೊಂದರೆ ಬಂದವರು ಮುಂದೆಂದೂ ಈ ಗುಂಪಿನ ಮಾತ್ರೆಗಳನ್ನು ತೆಗೆದುಕೊಳ್ಳುವಂತಿಲ್ಲ. ಮೂತ್ರ ಕಡುಬಣ್ಣಕ್ಕೆ ತಿರುಗಿ ಕಣ್ಣು ಹಳದಿಯಾದರೂ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ನಾಲ್ಕನೆಯ ಹೆಜ್ಜೆ: ವಿಕಿರಣಶೀಲ ಅಯೋಡಿನ್ ಎಂದರೆ ಹೆದರಬೇಕೆ?

‘ವಿಕಿರಣ’ ಎಂದೊಡನೆ ಕ್ಯಾನ್ಸರ್ ಆಸ್ಪತ್ರೆಯ ಚಿತ್ರ ಮನಸ್ಸಿಗೆ ಬರುವುದು ಸಹಜ. ಆದರೆ ಈ ಚಿಕಿತ್ಸೆ 1941ರಷ್ಟು ಹಳೆಯದು; ಅಮೆರಿಕದ ಬೋಸ್ಟನ್‌ನಲ್ಲಿ ಸಾಲ್ ಹರ್ಟ್ಜ್ ಎಂಬ ವೈದ್ಯರು ಇದನ್ನು ಮೊದಲು ಪ್ರಯೋಗಿಸಿದರು. ಥೈರಾಯ್ಡ್ ಅಯೋಡಿನ್ನನ್ನು ಹೀರಿಕೊಳ್ಳುವ ಗ್ರಂಥಿಯಾದುದರಿಂದ, ಅಯೋಡಿನ್-131 ಇರುವ ಒಂದು ಕ್ಯಾಪ್ಸೂಲನ್ನೋ ದ್ರವವನ್ನೋ ಕುಡಿಸಿದರೆ ಅದು ಹೆಚ್ಚಾಗಿ ಅಲ್ಲಿಯೇ ಸೇರಿ, ಅತಿಯಾಗಿ ದುಡಿಯುವ ಕೋಶಗಳನ್ನು ಒಳಗಿನಿಂದಲೇ ನಾಶಪಡಿಸುತ್ತದೆ. ಇದರ ಅರ್ಧಾಯು, ಅಂದರೆ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲ, ಎಂಟು ದಿನ. ಗ್ರೇವ್ಸ್‌ಗೆ ಸಾಮಾನ್ಯವಾಗಿ ಕೊಡುವ 10ರಿಂದ 15 ಮಿಲಿಕ್ಯೂರಿ (ವಿಕಿರಣಶೀಲತೆಯ ಅಳತೆ) ಪ್ರಮಾಣಕ್ಕೆ ಆಸ್ಪತ್ರೆಯಲ್ಲಿ ಉಳಿಯಬೇಕಾದ ಸಂದರ್ಭ ವಿರಳ.

ಗಂಟುಗಳಿಂದ ಬಂದ ಕಾಯಿಲೆಯವರಿಗೆ, ಮಾತ್ರೆ ನಿಲ್ಲಿಸಿದ ಮೇಲೆ ಮರುಕಳಿಸಿದವರಿಗೆ, ಮಾತ್ರೆ ಒಗ್ಗದವರಿಗೆ, ಹೃದಯದ ತೊಂದರೆಯಿಂದಾಗಿ ಶಸ್ತ್ರಚಿಕಿತ್ಸೆ ಅಪಾಯಕರವಾದ ಹಿರಿಯರಿಗೆ ಇದು ಉತ್ತಮ ಆಯ್ಕೆ. ಗರ್ಭಿಣಿಯರಿಗೆ ಮತ್ತು ಎದೆಹಾಲು ಕುಡಿಸುವ ತಾಯಂದಿರಿಗೆ ಕೊಡುವಂತಿಲ್ಲ. ಹೆರಿಗೆಯ ವಯಸ್ಸಿನವರಿಗೆ ಮೊದಲು ಗರ್ಭಪರೀಕ್ಷೆ ಮಾಡಿಸುತ್ತಾರೆ. ಚಿಕಿತ್ಸೆಯ ನಂತರ ಮಹಿಳೆಯರು ಕನಿಷ್ಠ ಆರು ತಿಂಗಳು, ಪುರುಷರು ಸುಮಾರು ನಾಲ್ಕು ತಿಂಗಳು ಸಂತಾನದ ಯೋಚನೆಯನ್ನು ಮುಂದೂಡಬೇಕು. ಕಣ್ಣಿನ ತೊಂದರೆ ತೀವ್ರವಾಗಿರುವವರಲ್ಲಿ ಇದು ಕಣ್ಣನ್ನು ಇನ್ನಷ್ಟು ಕೆಡಿಸಬಹುದಾದುದರಿಂದ ಬೇರೆ ದಾರಿ ನೋಡುತ್ತಾರೆ.

ತಯಾರಿ ಹೀಗೆ. ಕಾರ್ಬಿಮಜೋಲನ್ನು ಕೆಲವು ದಿನ ಮೊದಲು, ವೈದ್ಯರು ಹೇಳಿದ ದಿನದಂದು ನಿಲ್ಲಿಸಬೇಕು. ಇತ್ತೀಚೆಗೆ ಅಯೋಡಿನ್ ಇರುವ ಚುಚ್ಚುಮದ್ದು ಕೊಟ್ಟು ಸಿಟಿ ಸ್ಕ್ಯಾನ್ ಮಾಡಿಸಿದ್ದರೆ ತಿಳಿಸಬೇಕು, ಏಕೆಂದರೆ ಈಗಾಗಲೇ ಅಯೋಡಿನ್‌ನಿಂದ ತುಂಬಿದ ಗ್ರಂಥಿ ಮದ್ದನ್ನು ಹೀರಿಕೊಳ್ಳುವುದಿಲ್ಲ. ಮೀನು ಮತ್ತು ಅಯೋಡಿನ್ ಉಪ್ಪನ್ನು ಒಂದೆರಡು ವಾರ ಬಿಡಬೇಕೇ ಎಂಬುದನ್ನು ಆ ವಿಭಾಗದವರನ್ನೇ ಕೇಳಿ ತಿಳಿಯಬೇಕು. ಬಂಗುಡೆ, ಬೂತಾಯಿ ಇಲ್ಲದೆ ಊಟ ಸೇರದವರಿಗೆ ಇದು ಸಣ್ಣ ಶಿಕ್ಷೆಯೇ ಸರಿ, ಆದರೆ ಅಲ್ಪಕಾಲದ್ದು.

ಮದ್ದು ಕುಡಿದ ಮೇಲೆ ಮನೆಗೆ ಹೋಗುವ ಬಗೆಯನ್ನು ಮೊದಲೇ ಯೋಚಿಸಿರಬೇಕು. ಕಿಕ್ಕಿರಿದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಗರ್ಭಿಣಿಯೋ ಮಗುವೋ ಪಕ್ಕದಲ್ಲಿರುವಂತೆ ಪ್ರಯಾಣಿಸುವುದಕ್ಕಿಂತ, ಕಾರಿನ ಹಿಂದಿನ ಸೀಟಿನಲ್ಲಿ ಚಾಲಕನಿಂದ ದೂರದ ಮೂಲೆಯಲ್ಲಿ ಕುಳಿತು ಹೋಗುವುದು ಸರಿ. ವಿಭಾಗದವರು ಹೇಳಿದಷ್ಟು ದಿನ ಬೇರೆ ಹಾಸಿಗೆಯಲ್ಲಿ ಮಲಗಬೇಕು, ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಬಾರದು, ಧಾರಾಳ ನೀರು ಕುಡಿಯಬೇಕು, ಶೌಚಾಲಯದಲ್ಲಿ ಎರಡು ಸಲ ನೀರು ಬಿಡಬೇಕು, ತಟ್ಟೆ ಲೋಟಗಳನ್ನು ಬೇರೆ ಇಟ್ಟುಕೊಳ್ಳಬೇಕು. ಕೂಡುಕುಟುಂಬದಲ್ಲಿ ಮೊಮ್ಮಕ್ಕಳು ಅಜ್ಜಿಯ ಮಡಿಲು ಬಿಡದಿದ್ದರೆ, ಮಕ್ಕಳನ್ನೇ ಆ ದಿನಗಳಲ್ಲಿ ನೆಂಟರ ಮನೆಗೆ ಕಳುಹಿಸುವುದು ಸುಲಭ. ಬಜ್ಪೆಯಿಂದ ವಿಮಾನ ಹತ್ತಿ ಗಲ್ಫಿಗೆ ಮರಳುವವರು ಚಿಕಿತ್ಸೆಯ ದಿನಾಂಕ ಮತ್ತು ಪ್ರಮಾಣವಿರುವ ಪತ್ರವನ್ನು ಆಸ್ಪತ್ರೆಯಿಂದ ಪಡೆದುಕೊಳ್ಳಬೇಕು. ವಿಮಾನ ನಿಲ್ದಾಣಗಳ ವಿಕಿರಣ ಶೋಧಕಗಳು ಕೆಲವು ವಾರಗಳ, ಒಮ್ಮೊಮ್ಮೆ ಎರಡು ಮೂರು ತಿಂಗಳ ನಂತರವೂ ಸದ್ದು ಮಾಡಬಹುದು.

ಪರಿಣಾಮ ಆರು ವಾರಗಳಿಂದ ಆರು ತಿಂಗಳೊಳಗೆ ಕಾಣುತ್ತದೆ. ಕೆಲವರಿಗೆ ಎರಡನೆಯ ಸಲ ಕೊಡಬೇಕಾಗುತ್ತದೆ. ಗ್ರೇವ್ಸ್‌ನ ಬಹುಪಾಲು ಮಂದಿಯಲ್ಲಿ ಗ್ರಂಥಿ ಕ್ರಮೇಣ ಪೂರ್ತಿ ನಿಷ್ಕ್ರಿಯವಾಗಿ, ಜೀವನಪರ್ಯಂತ ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ ಬೇಕಾಗುತ್ತದೆ. ಇದನ್ನು ಚಿಕಿತ್ಸೆಯ ವೈಫಲ್ಯವೆಂದು ತಿಳಿಯಬಾರದು. ಏರುಪೇರಾಗುವ ಹೆಚ್ಚಳಕ್ಕಿಂತ, ಅಗ್ಗದ ಒಂದು ಮಾತ್ರೆಯಿಂದ ಸರಿದೂಗುವ ಕೊರತೆ ನಿಭಾಯಿಸಲು ಸುಲಭವೆಂದು ನನ್ನ ಅಭಿಪ್ರಾಯ.

ಐದನೆಯ ಹೆಜ್ಜೆ: ಶಸ್ತ್ರಚಿಕಿತ್ಸೆ ಯಾವಾಗ

ಗಳಗಂಡ ತುಂಬ ದೊಡ್ಡದಾಗಿ ಉಸಿರು ಅಥವಾ ನುಂಗುವಿಕೆಗೆ ಅಡ್ಡಿಯಾದಾಗ, ಗಂಟಿನಲ್ಲಿ ಕ್ಯಾನ್ಸರಿನ ಸಂಶಯವಿದ್ದಾಗ, ಕಣ್ಣಿನ ತೊಂದರೆ ತೀವ್ರವಾಗಿದ್ದಾಗ, ಶೀಘ್ರದಲ್ಲೇ ಮಗು ಬೇಕೆನ್ನುವ ಮಹಿಳೆಗೆ ಮಾತ್ರೆ ಒಗ್ಗದಿದ್ದಾಗ ಗ್ರಂಥಿಯನ್ನು ತೆಗೆಯುವುದೇ ಸೂಕ್ತ. ಮೊದಲು ಮಾತ್ರೆಗಳಿಂದ ಹಾರ್ಮೋನನ್ನು ಸಹಜಕ್ಕೆ ತಂದು, ಗ್ರೇವ್ಸ್‌ನಲ್ಲಿ ಕೊನೆಯ ಒಂದು ವಾರ ಹತ್ತು ದಿನ ಲುಗಾಲ್ಸ್ ಅಯೋಡಿನ್ ಹನಿಗಳನ್ನು ಕೊಟ್ಟು, ಆ ಬಳಿಕವೇ ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ಎರಡು ಅಪಾಯಗಳನ್ನು ತಿಳಿದಿರಬೇಕು. ಗ್ರಂಥಿಯ ಹಿಂದೆಯೇ ಹಾದುಹೋಗುವ ಧ್ವನಿಯ ನರಕ್ಕೆ ಪೆಟ್ಟಾದರೆ ಸ್ವರ ಒಡೆಯುತ್ತದೆ. ಯಕ್ಷಗಾನದ ಭಾಗವತರು, ಶಿಕ್ಷಕರು ಮುಂತಾಗಿ ಸ್ವರವನ್ನೇ ನೆಚ್ಚಿದವರು ಇದನ್ನು ಮೊದಲೇ ಚರ್ಚಿಸಬೇಕು. ಗ್ರಂಥಿಗೆ ಅಂಟಿಕೊಂಡಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಘಾಸಿಗೊಂಡರೆ ಕ್ಯಾಲ್ಸಿಯಂ ಇಳಿದು ತುಟಿ, ಬೆರಳ ತುದಿಗಳು ಜುಮ್ಮೆನ್ನುತ್ತವೆ, ಸ್ನಾಯು ಸೆಳೆಯುತ್ತದೆ. ಇವು ಹೆಚ್ಚಾಗಿ ತಾತ್ಕಾಲಿಕ, ಅಪರೂಪಕ್ಕೆ ಶಾಶ್ವತ. ಅಪಾಯದ ಪ್ರಮಾಣ ಶಸ್ತ್ರವೈದ್ಯರ ಅನುಭವವನ್ನು ಬಹಳವಾಗಿ ಅವಲಂಬಿಸಿರುವುದರಿಂದ, ‘ವರ್ಷಕ್ಕೆ ಎಷ್ಟು ಥೈರಾಯ್ಡ್ ಶಸ್ತ್ರಚಿಕಿತ್ಸೆ ಮಾಡುತ್ತೀರಿ’ ಎಂದು ಸಂಕೋಚವಿಲ್ಲದೆ ಕೇಳಬೇಕು. ಸ್ವಿಟ್ಜರ್ಲೆಂಡಿನ ಥಿಯೋಡರ್ ಕೋಖರ್ ಅವರಿಗೆ 1909ರಲ್ಲಿ ನೊಬೆಲ್ ದೊರೆತದ್ದು ಥೈರಾಯ್ಡ್ ಕುರಿತ ಇಂಥ ಕೆಲಸಕ್ಕಾಗಿಯೇ. ಕೈಚಳಕದ ಮಹತ್ವ ಅಂದಿನಿಂದಲೂ ಕಡಿಮೆಯಾಗಿಲ್ಲ.

ಗರ್ಭಿಣಿಯರು ಮತ್ತು ಕಣ್ಣಿನ ತೊಂದರೆಯವರು

ಕಾರ್ಬಿಮಜೋಲ್ ಗರ್ಭದ ಮೊದಲ ವಾರಗಳಲ್ಲಿ ಭ್ರೂಣದ ಬೆಳವಣಿಗೆಗೆ ತೊಂದರೆ ಮಾಡಬಲ್ಲದು. ಆದ್ದರಿಂದ ಮಗುವಿನ ಯೋಚನೆ ಇರುವವರು ಮುಟ್ಟು ನಿಂತ ಮೇಲಲ್ಲ, ಅದಕ್ಕೆ ಮೊದಲೇ ವೈದ್ಯರಿಗೆ ಹೇಳಬೇಕು. ಮೊದಲ ಮೂರು ತಿಂಗಳಿಗೆ ಪ್ರೊಪೈಲ್‌ಥಯೋಯುರಾಸಿಲ್ ಎಂಬ ಬೇರೆ ಮಾತ್ರೆ ಕೊಡುತ್ತಾರೆ. ಅದು ಅಪರೂಪಕ್ಕೆ ಯಕೃತ್ತಿಗೆ ತೀವ್ರ ಹಾನಿ ಮಾಡುವುದರಿಂದ ಉಳಿದವರಿಗೆ ಮೊದಲ ಆಯ್ಕೆಯಲ್ಲ. ಮೊದಲು ಗ್ರೇವ್ಸ್ ಇದ್ದು ಗ್ರಂಥಿಯನ್ನೇ ತೆಗೆಸಿಕೊಂಡವರಲ್ಲಿಯೂ ಪ್ರತಿಕಾಯ ಉಳಿದಿರಬಹುದು ಮತ್ತು ಅದು ಮಾಸುಚೀಲವನ್ನು ದಾಟಿ ಮಗುವನ್ನು ತಲುಪಬಹುದು. ಹಾಗಾಗಿ ಮಂಗಳೂರಿನ ಲೇಡಿಗೋಷನ್ ಇರಲಿ, ಖಾಸಗಿ ಹೆರಿಗೆ ಆಸ್ಪತ್ರೆಯಿರಲಿ, ಹಳೆಯ ಗ್ರೇವ್ಸ್‌ನ ವಿಷಯವನ್ನು ಮೊದಲ ಭೇಟಿಯಲ್ಲೇ ದಾಖಲಿಸಬೇಕು.

ಕಣ್ಣು ಉರಿಯುವುದು, ಮುಂದೆ ಬರುವುದು, ರೆಪ್ಪೆ ಮೇಲೆ ಸರಿಯುವುದು ಗ್ರೇವ್ಸ್‌ನಲ್ಲಿ ಉಂಟು. ಇದನ್ನು ಹೆಚ್ಚಿಸುವ ಮತ್ತು ನಮ್ಮ ಕೈಯಲ್ಲೇ ಇರುವ ಅಂಶ ಧೂಮಪಾನ. ಬೀಡಿ ಕಟ್ಟಿ ಬದುಕುವ ಮನೆಗಳು ಇಷ್ಟೊಂದಿರುವ ಜಿಲ್ಲೆಯಲ್ಲಿ ಬೀಡಿಗೆ ವಿನಾಯಿತಿ ಕೊಡುವ ಮನಸ್ಸಾಗಬಹುದು, ಆದರೆ ಕಣ್ಣಿನ ಪಾಲಿಗೆ ಬೀಡಿಯೂ ಸಿಗರೇಟೂ ಒಂದೇ. ಎರಡೆರಡಾಗಿ ಕಾಣುವುದು, ಬಣ್ಣಗಳು ಮಸುಕಾಗುವುದು, ರೆಪ್ಪೆ ಪೂರ್ತಿ ಮುಚ್ಚದಿರುವುದು ಕಂಡರೆ ಅದೇ ವಾರ ನೇತ್ರತಜ್ಞರಿಗೆ ತೋರಿಸಬೇಕು.

ತಡಮಾಡದೆ ಆಸ್ಪತ್ರೆಗೆ

ಚಿಕಿತ್ಸೆ ಇಲ್ಲದೆ ಉಳಿದವರಲ್ಲಿ, ಮಾತ್ರೆಯನ್ನು ಹಠಾತ್ತನೆ ಬಿಟ್ಟವರಲ್ಲಿ ಒಂದು ಸೋಂಕಿನ ನೆಪದಿಂದ ತೀವ್ರ ಜ್ವರ, ಅತಿವೇಗದ ಎದೆಬಡಿತ, ವಾಂತಿಭೇದಿ, ಬಡಬಡಿಕೆ ಅಥವಾ ಮಂಪರು ಒಟ್ಟಾಗಿ ಬಂದರೆ ಅದು ಪ್ರಾಣಾಪಾಯದ ಸ್ಥಿತಿ. 108ಕ್ಕೆ ಕರೆ ಮಾಡಬೇಕು. ಯುವಕರಲ್ಲಿ ಇನ್ನೊಂದು ವಿಚಿತ್ರ ಬಗೆಯುಂಟು. ಹಿಂದಿನ ರಾತ್ರಿ ಮದುವೆ ಮನೆಯಲ್ಲಿ ಅನ್ನ, ಪಾಯಸ, ಹೋಳಿಗೆಗಳನ್ನು ಭರ್ತಿ ಉಂಡು ಮಲಗಿದವರಿಗೆ ಬೆಳಗ್ಗೆ ಕಾಲೆತ್ತಲಾಗುವುದಿಲ್ಲ. ರಕ್ತದ ಪೊಟ್ಯಾಸಿಯಂ ಕುಸಿದು ಬರುವ ಈ ನಿಶ್ಶಕ್ತಿ ಏಷ್ಯಾದ ಪುರುಷರಲ್ಲಿ ಹೆಚ್ಚು. ಎಷ್ಟೋ ಸಲ ಥೈರಾಯ್ಡ್ ಕಾಯಿಲೆ ಮೊದಲು ಬಯಲಾಗುವುದೇ ಹೀಗೆ. ಹಾಸಿಗೆಯಲ್ಲೇ ಎಣ್ಣೆ ತಿಕ್ಕುತ್ತಾ ಕೂರದೆ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು.

ಊಟ ಮತ್ತು ಮುಂದಿನ ತಪಾಸಣೆ

ಮಾತ್ರೆಯ ಚಿಕಿತ್ಸೆಯಲ್ಲಿರುವವರು ಮೀನು, ಅಯೋಡಿನ್ ಉಪ್ಪುಗಳನ್ನು ಬಿಡಬೇಕಾಗಿಲ್ಲ. ಕಡಲಕಳೆಯ ಪುಡಿ, ‘ಥೈರಾಯ್ಡ್ ಟಾನಿಕ್’ ಮುಂತಾದವುಗಳಲ್ಲಿ ಅಯೋಡಿನ್ ಅತಿಯಾಗಿರಬಹುದಾದುದರಿಂದ ಅವುಗಳಿಂದ ದೂರವಿರಬೇಕು. ಕಾಯಿಲೆಯ ಕಾಲದಲ್ಲಿ ಹೆಚ್ಚಿದ ಹಸಿವು ಹತೋಟಿಗೆ ಬಂದ ಮೇಲೂ ಅಭ್ಯಾಸಬಲದಿಂದ ಮುಂದುವರಿದು ತೂಕ ಏರುವುದು ಸಾಮಾನ್ಯ. ಮೂರನೆಯ ತಿಂಗಳಿನಿಂದಲೇ ಊಟದ ಪ್ರಮಾಣವನ್ನು ಗಮನಿಸಬೇಕು.

ಆರಂಭದಲ್ಲಿ ನಾಲ್ಕರಿಂದ ಆರು ವಾರಗಳಿಗೊಮ್ಮೆ, ಸ್ಥಿರವಾದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಬೇಕು. ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿದರೆ ಹೋಲಿಕೆ ಸುಲಭ. ಮಾತ್ರೆ ನಿಲ್ಲಿಸಿದವರು ಮೊದಲ ವರ್ಷ ಹೆಚ್ಚು ಬಾರಿ, ಆಮೇಲೆ ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಸಬೇಕು. ಅಯೋಡಿನ್ ಅಥವಾ ಶಸ್ತ್ರಚಿಕಿತ್ಸೆಯ ನಂತರ ಥೈರಾಕ್ಸಿನ್ ತೆಗೆದುಕೊಳ್ಳುವವರು ಅದನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಕಾಫಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನೀರಿನೊಡನೆ ನುಂಗಬೇಕು ಮತ್ತು ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ನಾಲ್ಕು ಗಂಟೆಯಾದರೂ ಬಿಟ್ಟು ತೆಗೆದುಕೊಳ್ಳಬೇಕು. ವಿದೇಶದಲ್ಲಿ ದುಡಿಯುವವರು ಊರಿಗೆ ಬಂದಾಗ ಮುಂದಿನ ರಜೆಯವರೆಗೆ ಬೇಕಾಗುವ ಮಾತ್ರೆಗಳ ಜೊತೆಗೆ ವೈದ್ಯರ ಸಹಿಯುಳ್ಳ ಚೀಟಿಯನ್ನೂ ಒಯ್ಯಬೇಕು. ತೇವದ ಮಳೆಗಾಲದಲ್ಲಿ ಥೈರಾಕ್ಸಿನ್ ಡಬ್ಬಿಯನ್ನು ಅಡುಗೆಮನೆಯ ಕಿಟಕಿಯ ಬಳಿ ಇಡದೆ, ಮುಚ್ಚಳ ಬಿಗಿಯಾಗಿ ಹಾಕಿ ಒಣ ಕಪಾಟಿನಲ್ಲಿ ಇಟ್ಟುಕೊಳ್ಳಬೇಕು.